ಕೋಳಿಯ ಕಾಲಿಗೆ ಡ್ರೆಸ್ಸಿಂಗ್

ನನ್ನ ನಾದಿನಿ ಜನರನ್ನು ಮುಖದಿಂದಲ್ಲ, ಕಾಲಿನಿಂದ ಗುರುತು ಹಿಡಿಯುತ್ತಾಳೆ ಎಂದರೆ ನೀವು ನಂಬಲಾರಿರಿ. ಸಿಲಿಂಡರ್ ತರುವ ಭಯ್ಯಾನ ಹೆಸರು ಆರು ವರ್ಷವಾದರೂ ಅವಳಿಗೆ ತಿಳಿಯದು. ಅವನು ಬಲಗಾಲಿನ ಹಿಮ್ಮಡಿ ಊರುವುದಿಲ್ಲ ಎಂಬುದು ಮಾತ್ರ ಗೊತ್ತು. ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್ ಆಗಿ ರಿಟೈರಾದ, ಮದುವೆಯಾಗದ, ಏಕಾದಶಿಯ ದಿನ ಈರುಳ್ಳಿಯನ್ನೂ ಮುಟ್ಟದ ಈ ಹೆಂಗಸು ಘಾಜಿಯಾಬಾದಿನ ಗ್ರೌಂಡ್ ಫ್ಲೋರ್ ಫ್ಲ್ಯಾಟಿನ ಹಿತ್ತಿಲಲ್ಲಿ ಒಂಬತ್ತು ಕೋಳಿ ಸಾಕಿದ್ದಳು. ಮೊಟ್ಟೆಯೆಲ್ಲ ವಾಚ್‌ಮ್ಯಾನ್‌ಗೆ. ಮತ್ತೆ ಕೋಳಿ ಯಾಕೆ? "ಅವು ಓಡಾಡೋದನ್ನ ನೋಡ್ತೀನಿ ಅತ್ತಿಗೆ." ವಾಟ್ ಕೆನ್ ಒನ್ ಸೇ!

ಕೋಳಿಗೊಂದು ಫೈಲು. "ಎಡಪಾದ ಊದಿದೆ, ಆದೇಶಕ್ಕಾಗಿ ಮಂಡಿಸಿದೆ" ಎಂದು ನೀಲಿ ಇಂಕಿನಲ್ಲಿ ಬರೆಯುವಳು. ಎದ್ದು ಮೇಜಿನ ಆಚೆ ಬದಿಯ ಕುರ್ಚಿಯಲ್ಲಿ ಕುಳಿತು, ಹಸಿರು ಇಂಕಿನಲ್ಲಿ "ಒಪ್ಪಿದೆ" ಎಂದು ತಾನೇ ಸಹಿ ಹಾಕುವಳು. ಕೋಳಿಗಳ ಕಾಲಿನ ಹುರುಪೆಗೆ ನನ್ನ ತಲೆಗೆಣ್ಣೆಯನ್ನೆಲ್ಲ ಸವರಿ ಮುಗಿಸಿದಾಗ ನಾನು ಆಕ್ಷೇಪಿಸಿದೆ. "ನಿಮ್ಮ ತಲೇಲಿ ಕೂದಲೆಷ್ಟಿದೆ ಅತ್ತಿಗೆ? ಇಲ್ಲಿ ಹದಿನೆಂಟು ಕಾಲಿವೆ" ಎಂದಳು.

ನಾನು ಅಲ್ಲಿಗೆ ಹೋದದ್ದು ಹದಿನೈದು ದಿನಕ್ಕೆಂದು. ಯಜಮಾನರು ಹೋದ ಮೇಲೆ ಆರ್.ಕೆ.ಪುರಂನಲ್ಲಿ ಮಗನ ಕ್ವಾರ್ಟರ್ಸ್‌ನಲ್ಲಿದ್ದೆ. ಮಗ, ಸೊಸೆ ಒಳ್ಳೆಯವರೇ. ಬೆಳಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ಮೊಮ್ಮಗಳನ್ನು ಮಾತಾಡಿಸಿದರೆ, "ಅಜ್ಜೀ, ಹಿಂದೀ ಮೇ ಬೋಲೋ ನಾ" ಎನ್ನುವಳು. ದಿನವಿಡೀ ಒಂದು ಕನ್ನಡ ಶಬ್ದ ಹೊರಡದೆ, ಸಂಜೆ ಯಾರದೋ ಫೋನ್ ಬಂದರೆ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು. ಇಲ್ಲೇ ಇದ್ದುಬಿಡಲಾ ಎಂದು ನಾದಿನಿಯನ್ನು ಕೇಳುವ ಆಸೆ. ಆದರೆ ಕರೆಯದ ಮನೆಯಲ್ಲಿ ಉಳಿಯಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸ್ ಎಲ್ಲಿ ಹೋದೀತು?

ಹದಿಮೂರನೆಯ ದಿನ ಕಂದು ಕೋಳಿ ಕಾಳಿಗೆ ಎಲ್ಲಕ್ಕಿಂತ ಕಡೆಗೆ ಬಂತು. "ನೋವಾದ್ರೆ ಇವು ಹೇಳಲ್ಲ ಅತ್ತಿಗೆ, ಮುಚ್ಚಿಡ್ತವೆ. ಕಡೇಲಿ ಬಂತು ಅಂದ್ರೆ ಕಾಲು ನೋಡ್ಬೇಕು" ಎಂದಳು. ನೋಡಿ, ಬರೆದಳು. ಆದರೆ ಹಸಿರು ಇಂಕಿನವಳು "ಚರ್ಚಿಸಿ" ಎಂದು ಫೈಲನ್ನು ನೀಲಿ ಇಂಕಿನವಳಿಗೆ ವಾಪಸು ಮಾಡಿಬಿಟ್ಟಳು! ಚರ್ಚೆ ಮುಗಿಯುವ ಹೊತ್ತಿಗೆ ಮೂರು ದಿನ ಕಳೆದು ಪಾದ ನಿಂಬೆಹಣ್ಣಿನಷ್ಟಾಗಿತ್ತು, ನಡುವೆ ಕಪ್ಪು ಹಕ್ಕಳೆ. ರಿಕ್ಷಾದಲ್ಲಿ ದನದ ಡಾಕ್ಟರಲ್ಲಿಗೆ ಒಯ್ದೆವು. "ಪಕಾ ಲೋ, ಮಾತಾಜೀ" ಎಂದು ಅಡುಗೆಯ ಸಲಹೆ ಕೊಟ್ಟ. ನಾದಿನಿ ಅವನ ಪಾದ ನೋಡಿ, "ಪೆಹಲೇ ಆಪ್ ಅಪ್ನಾ ಜೂತಾ ಬದಲಿಯೇ" ಎಂದು, ಮೊದಲು ಅವನ ಬೂಟು ಬದಲಿಸಲು ಹೇಳಿ ಎದ್ದು ಬಂದಳು.

ಎತ್ತರದಿಂದ ಸಿಮೆಂಟಿಗೆ ಹಾರಿ ಹಾರಿ ಗಾಯವಾಗಿ ಕೀವು ಕಟ್ಟಿದೆ ಎಂದು ಅವಳೇ ತೀರ್ಮಾನಿಸಿದಳು. ಕೋಳಿ ಕೂರುವ ಕೋಲನ್ನು ಕೆಳಗಿಳಿಸಿ, ನೆಲಕ್ಕೆ ಹುಲ್ಲು ಹಾಸಿದಳು. ದಿನಾ ಬೆಳಗ್ಗೆ ಬೆಚ್ಚಗಿನ ಉಪ್ಪುನೀರಲ್ಲಿ ಪಾದ ನೆನೆಸಿ, ಮುಲಾಮು ಹಚ್ಚಿ, ಬ್ಯಾಂಡೇಜು ಸುತ್ತಬೇಕು. "ನನಗಿರೋದು ಎರಡೇ ಕೈ. ನೀವು ಹಿಡ್ಕೊಳ್ಳಿ."

ಕೋಳಿಯನ್ನು ಟವೆಲಿನಲ್ಲಿ ಸುತ್ತಿ ನನ್ನ ಮಡಿಲಿಗಿಟ್ಟಳು. ಗಾಯ ನೋಡಲಾರದೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅದರ ಎದೆ ನನ್ನ ಅಂಗೈಗೆ ಡವಡವ ಬಡಿಯುತ್ತಿತ್ತು. ಅವಳು ಡ್ರೆಸ್ಸಿಂಗ್ ಮಾಡುತ್ತ ತನ್ನ ಆಫೀಸಿನ ಕಥೆ ಹೇಳುವಳು, ನಾನು ಹಾಸ್ಟೆಲಿನದು. ಎಷ್ಟು ಮಾತಾಡಿದೆವು!

ಮಗ ಫೋನ್ ಮಾಡಿ, "ಅಮ್ಮಾ, ಸಂಡೇ ಗಾಡಿ ತರ್ಲಾ?" ಎಂದ. ನಾದಿನಿ ರಿಸೀವರ್ ಕಿತ್ತುಕೊಂಡು, "ಡ್ರೆಸ್ಸಿಂಗ್ ನಡೀತಿದೆ ಕಣೋ. ಅತ್ತಿಗೆ ಇಲ್ದೆ ಆಗಲ್ಲ" ಎಂದಳು. ಪಾಪದ ಮಾತು, ಆದರೂ ಹೇಳುತ್ತೇನೆ: ಆ ಕಾಲು ಬೇಗ ವಾಸಿಯಾಗದಿರಲಿ ಎಂದು ನಾನು ದಿನಾ ದೇವರಿಗೆ ಕೈಮುಗಿಯುತ್ತಿದ್ದೆ.

ಹೀಗೆ ಆರು ವಾರ. ಒಂದು ಬೆಳಗ್ಗೆ ಅವಳು ಬಿಸಿನೀರು ತರಲು ಒಳಗೆ ಹೋಗಿದ್ದಾಗ ಕೋಳಿ ಕೊಸರಿಕೊಂಡಿತು. ಬ್ಯಾಂಡೇಜು ಜಾರಿ ಬಿತ್ತು. ಡ್ರೆಸ್ಸಿಂಗ್ ಶುರುವಾದ ಮೇಲೆ ಮೊದಲ ಸಲ ಆ ಪಾದ ನೋಡಿದೆ. ಊತವಿಲ್ಲ, ಹಕ್ಕಳೆಯಿಲ್ಲ, ಕಲೆಯೂ ಇಲ್ಲ. ವಾಸಿಯಾಗಿ ಎಷ್ಟು ವಾರವಾಗಿತ್ತೋ.

ನಾದಿನಿ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ನೋಡಿದ್ದನ್ನು ನೋಡಿದಳು. ಎದುರಿಗೆ ಕುಳಿತು, ನೀರಿನ ಬಿಸಿಯನ್ನು ಬೆರಳಿನಿಂದ ಪರೀಕ್ಷಿಸಿ, ಹೊಸ ಬ್ಯಾಂಡೇಜಿನ ಸುರುಳಿ ಬಿಚ್ಚಿದಳು.

"ಗಟ್ಟಿಯಾಗಿ ಹಿಡ್ಕೊಳ್ಳಿ, ಅತ್ತಿಗೆ" ಎಂದಳು.

ಹಿಡಿದುಕೊಂಡೆ.