ಅತ್ತೆ ಕಟ್ಟಿಕೊಳ್ಳದ ಗಡಿಯಾರ

ನಮ್ಮ ಅತ್ತೆಗೆ ಒಂದಲ್ಲ, ಹತ್ತಾರು ಹೃದಯಗಳಿವೆ. ಹೊಗಳಿಕೆಯ ಮಾತೆಂದು ತಿಳಿಯಬೇಡಿ, ಯಂತ್ರವೇ ಅಳೆದು ಹೇಳಿದ ಸಂಗತಿ! ಅವಳ ಎದೆ ಒಂದು ದಿನ ಪೈಲ್ವಾನನಂತೆ ಬಡಿಯುತ್ತದೆ, ಮರುದಿನ ಬಸುರಿಯಂತೆ. ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನಮ್ಮಪ್ಪನ ತಂಗಿ. ಸಿಂದಗಿಯ ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಅವಳದೇ ಕಾರಭಾರ. ನಾನೋ ಹುಟ್ಟು ಪುಕ್ಕಲ. ಮನೆಯಲ್ಲಿ ಯಾರಾದರೂ ಎರಡು ಸಲ ಕೆಮ್ಮಿದರೆ ನನಗೆ ಊಟ ಸೇರುವುದಿಲ್ಲ.

ಇಂಥವನ ಮನೆಗೆ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬಂದಳು. ವಯಸ್ಸಾದವರು ಆರೋಗ್ಯದ ಯಂತ್ರಗಳ ಜೊತೆ ಹೇಗೆ ಹೊಂದಿಕೊಂಡು ಬಾಳುತ್ತಾರೆ ಎಂಬುದು ಅವಳ ಸಂಶೋಧನೆ. ಎದೆಬಡಿತ ನೋಡುವ ಕೈಗಡಿಯಾರವೊಂದನ್ನು ತಂದು, ಅದು ಹೇಳಿದ್ದೆಲ್ಲ ತನ್ನ ಕಂಪ್ಯೂಟರಿನಲ್ಲೂ ನನ್ನ ಮೊಬೈಲಿನಲ್ಲೂ ಕಾಣುವಂತೆ ಮಾಡಿಕೊಟ್ಟಳು.

"ಇದು ಎದಕ್ಕವಾ?" ಅಂದಳು ಅತ್ತೆ.

"ಹೃದಯಕ್ಕೇನಾದ್ರೂ ತೊಂದರೆ ಇದ್ರೆ ಮೊದಲೇ ಗೊತ್ತಾಗುತ್ತೆ ಅಮ್ಮಾ. ಕಟ್ಟಿಕೊಂಡ ಮೇಲೆ ಬಿಚ್ಚಬೇಡಿ."

"ಕೈಯೆಲ್ಲ ರೊಟ್ಟಿ ಹಿಟ್ಟೈತಿ. ಆಮ್ಯಾಲ ನೋಡೂಣು, ದೇವರ ಜಗಲಿ ಮ್ಯಾಲ ಇಡು."

ನಾನು ದೇವರ ಹಿಪ್ಪರಗಿಯ ಹೈಸ್ಕೂಲಿನಲ್ಲಿ ಮಾಸ್ತರ. ಮರುದಿನ ಬಸ್ಸಿನಲ್ಲಿ ಕುಳಿತಿದ್ದೇನೆ, ಮೊಬೈಲು ಕಿರುಚಿತು. ಅತ್ತೆಯ ಎದೆ ವಿಪರೀತ ಓಡುತ್ತಿದೆಯಂತೆ! ಮನೆಗೆ ಫೋನ್ ಹಚ್ಚಿದೆ.

"ಅತ್ತಿ ಎಲ್ಲಿ ಅದಾಳ? ಓಡಾಕತ್ತಾಳೇನು?"

"ಎಲ್ಲಿ ಓಡೂದ್ರಿ, ಕುಂತು ಶೇಂಗಾ ಸುಲ್ಯಾಕತ್ತಾರ," ಅಂದಳು ಹೆಂಡತಿ.

ಕುಳಿತವಳ ಎದೆ ಹಾಗೆ ಓಡುವುದು ಇನ್ನೂ ಕೆಟ್ಟದ್ದಲ್ಲವೇ! ಕಂಡಕ್ಟರನಿಗೆ ಕೈಮುಗಿದು ನಡುದಾರಿಯಲ್ಲಿ ಇಳಿದೆ, ಎದುರು ಬಂದ ಬಸ್ಸು ಹತ್ತಿ ಮನೆಗೆ ಬಂದು ಬಿದ್ದೆ. ನೋಡಿದರೆ ಅತ್ತೆಯ ಕೈ ಬರಿದು. ಗಡಿಯಾರ ಪಕ್ಕದ ಮನೆಯ ಹಮಾಲನ ಕೈಯಲ್ಲಿ ಮಾರುಕಟ್ಟೆಗೆ ಹೋಗಿ, ಅವನ ಜೊತೆ ತೊಗರಿ ಚೀಲ ಹೊರುತ್ತಿತ್ತು!

"ಅವಗ ದಮ್ಮಿನ ಬ್ಯಾನಿ ಐತಿ ತಮ್ಮಾ. ನನಗೇನ್ ಧಾಡಿ? ಬ್ಯಾನಿ ಇದ್ದವರಿಗೆ ಕಟ್ಟೂದೋ, ಗಟ್ಟಿ ಇದ್ದವರಿಗೋ?"

ನಮ್ಮ ಓಣಿಯಲ್ಲಿ ಅತ್ತೆ ತಾಯತ ಕಟ್ಟದ ತೋಳಿಲ್ಲ. ಜ್ವರ ಬಂದವರಿಗೆ ಕಟ್ಟುತ್ತಾಳೆ, ಗುಣವಾದ ಮೇಲೆ ಬಿಚ್ಚಿಕೊಂಡು ಬರುತ್ತಾಳೆ. ಗಡಿಯಾರವನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟಿದ್ದಳು. ಹಮಾಲನ ನಂತರ ಎದುರುಮನೆಯ ತುಂಬು ಬಸುರಿ, ಆಮೇಲೆ ಪರೀಕ್ಷೆಗೆ ಹೆದರಿ ಊಟ ಬಿಟ್ಟ ಹುಡುಗಿ. ಕಡೆಗೆ ಹಾಲು ಕುಡಿಯದ ಎಮ್ಮೆಯ ಕರು! ಕಾಲಿಗೆ ಕಟ್ಟಿಸಿಕೊಂಡ ಕರು ಹಗ್ಗ ಹರಿದು ಓಣಿಯೆಲ್ಲ ಜಿಗಿಯಿತು. ಸಂಜೆ ನನ್ನ ಮೊಬೈಲು, ಅತ್ತೆ ಇಂದು ಬಹಳ ಚೆನ್ನಾಗಿ ನಡೆದಿದ್ದಾಳೆಂದು ಶಭಾಷ್‌ಗಿರಿ ಕೊಟ್ಟಿತು.

ಇನ್ನು ಮುಚ್ಚಿಡುವುದು ಸರಿಯಲ್ಲವೆಂದು ಹುಡುಗಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ಕರುನಾ ಸರ್?"

"ಹೌದ್ರಿ, ಎಮ್ಮಿ ಕರು."

ನಕ್ಕಳು. ಆಮೇಲೆ ಮೆಲ್ಲಗೆ, "ಒಂದು ಗಡಿಯಾರ ಒಬ್ಬರಿಗೇ ಅಂತ ನಾವು ಅಂದುಕೊಂಡಿದ್ದೇ ತಪ್ಪಿರಬಹುದು ಸರ್. ತಡೀಬೇಡಿ, ಅವರು ಹೆಂಗೆ ಬಳಸ್ತಾರೋ ಬಳಸಲಿ," ಅಂದಳು.

ಒಂದು ಮಂಗಳವಾರ ಅವಳೇ ಫೋನ್ ಮಾಡಿದಳು. ಈ ಸಲ ನಗಲಿಲ್ಲ. "ಸರ್, ಭಾನುವಾರ ಮಧ್ಯಾಹ್ನ ಗಡಿಯಾರ ಯಾರ ಕೈಲಿತ್ತು? ಬಡಿತ ಮತ್ತೆ ಮತ್ತೆ ತಪ್ಪಿದೆ. ಯಾರೇ ಆಗಲಿ, ಬೇಗ ಡಾಕ್ಟರಿಗೆ ತೋರಿಸಿ."

ಅಡುಗೆಮನೆಗೆ ಓಡಿ ಅತ್ತೆಯನ್ನು ಕೇಳಿದೆ. ಹಿಟ್ಟು ನಾದುತ್ತಿದ್ದ ಅವಳ ಕೈ ಗಕ್ಕನೆ ನಿಂತಿತು.

"ನನ್ನ ಕೈಯಾಗ ಇತ್ತು," ಅಂದಳು. "ನಾಳೆ ಬಿಜಾಪುರಕ್ಕ ಕರಕೊಂಡ ಹೋಗು."

ಸೂಜಿ ಎಂದರೆ ಮೈಲು ದೂರ ಓಡುವ ಅತ್ತೆ ತಾನಾಗಿ ದವಾಖಾನೆಗೆ ಹೊರಟಳೆಂದರೆ ಒಳಗೆ ಎಷ್ಟು ನೋವಿರಬೇಕು! ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂಡಿಸಿ, ಊರು ಬಂದಾಗೊಮ್ಮೆ "ಎದಿ ನೋಯಾಕತ್ತೈತೇನು?" ಎಂದು ಕೇಳಿದೆ. ರೋಗಿ ಮಾತ್ರ ಬಾಳೆಹಣ್ಣು ತಿನ್ನುತ್ತಿದ್ದಳು. ಇಳಿದ ಮೇಲೆ ಚೀಲವನ್ನೂ ನನ್ನ ಕೈಯಿಂದ ಕಸಿದುಕೊಂಡು ತಾನೇ ಹೊತ್ತಳು!

"ನೀ ಸಾವಕಾಶ ನಡಿ. ಅವಸರ ಮಾಡಬ್ಯಾಡ."

ದವಾಖಾನೆಯಲ್ಲಿ ಅವಳ ಹೆಸರು ಕೂಗಿದರು. ಒಳಗೆ ಹೋದದ್ದೇ ತಡ, ಅತ್ತೆ ನನ್ನ ಭುಜ ಹಿಡಿದು ಮಂಚದ ಮೇಲೆ ದೂಡಿದಳು.

"ನಂದಲ್ರಿ ಡಾಕ್ಟರ್ ಸಾಹೇಬ್ರ, ಇವಂದು ನೋಡ್ರಿ. ಐತವಾರ ಊಟ ಮಾಡಿ ಮಕ್ಕೊಂಡಾಗ ಇವನ ಕೈಗೇ ಕಟ್ಟಿದ್ದೆ. ಏಳೂದ್ರಾಗ ಬಿಚ್ಚೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ನರ್ಸು ಎದೆಗೆ ತಂತಿ ಹಚ್ಚಿಬಿಟ್ಟಿದ್ದಳು. ಯಂತ್ರದಿಂದ ಬಂದ ಗೆರೆಗಳ ಕಾಗದವನ್ನು ಡಾಕ್ಟರು ನೋಡಿದರು. "ಬಡಿತ ನಡುನಡುವ ತಪ್ಪಾಕತ್ತೈತ್ರಿ. ಛಲೋ ಆತು, ವ್ಯಾಳ್ಯಾಕ್ಕ ಬಂದೀರಿ. ಗುಳಿಗಿ ಬರದ ಕೊಡ್ತೇನಿ, ತಪ್ಪಿಸಬ್ಯಾಡ್ರಿ. ಅಂಜೂವಂಥಾದ್ದೇನಿಲ್ಲ," ಅಂದರು.

ಹೊರಗೆ ಬಾಕಿನ ಮೇಲೆ ಕುಳಿತು ಕೇಳಿದೆ. "ಸುಳ್ಳ ಯಾಕ ಹೇಳಿದಿ ಅತ್ತಿ?"

"ನಿಂದು ಅಂದಿದ್ರ ನೀ ಬರ್ತಿದ್ದೇನು? ಅಂಜಿಕೀಲೇ ಮನ್ಯಾಗ ಮಕ್ಕೊಂಡ ಬಿಡ್ತಿದ್ದಿ." ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು. "ನಮ್ಮಣ್ಣ, ನಿಮ್ಮಪ್ಪ, ಹಿಂಗ ಉಂಡು ಮಕ್ಕೊಂಡವ ಏಳಲಿಲ್ಲ. ಚಾ ತಗೊಂಡು ಎಬ್ಬಿಸಾಕ ಹೋದಾಕಿ ನಾನ. ನೀ ಮಕ್ಕೊಂಡಾಗೆಲ್ಲ ನಾ ಬಾಗಲದಾಗ ನಿಂತು ನೋಡ್ತಿರ್ತೇನಿ, ನಿನಗೆಲ್ಲಿ ಗೊತ್ತು?"

ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹೆದರುವವನು ನಾನೊಬ್ಬನೇ ಎಂದುಕೊಂಡಿದ್ದೆ. ಅಳು ತಡೆಯಲಾಗಲಿಲ್ಲ. ಅವಳ ಚೀಲದಿಂದ ಗಡಿಯಾರ ತೆಗೆದು ಅವಳ ಕೈಗೆ ಕಟ್ಟಿದೆ.

"ನನಗ್ಯಾಕೋ? ನಾ ಗಟ್ಟಿ ಅದೀನಿ," ಎಂದು ನಕ್ಕಳು.

ಊರವರದೆಲ್ಲ ನೋಡಿದ ಗಡಿಯಾರ ಮೊದಲ ಸಲ ಅತ್ತೆಯ ಎದೆಯನ್ನು ನೋಡಿತು. ನಗುತ್ತ ಕುಳಿತಿದ್ದ ಅವಳ ಎದೆ, ಚೀಲ ಹೊತ್ತ ಹಮಾಲನದಕ್ಕಿಂತ ಜೋರಾಗಿ ಓಡುತ್ತಿತ್ತು.