ಸಮುದ್ರ ಕಾಣದವನ ಹಾಯಿಹಡಗು

ಸಮುದ್ರ ನೋಡದವ ಹಡಗು ಕಟ್ಟಾಕ ಕುಂತ್ರ ಫಜೀತಿ ಬಿಡ್ತಾವೇನ್ರಿ? ಮನಿ ಹುಡುಕ್ಕೊಂಡು ಬರ್ತಾವ.

ಅಂಕಲಿಯೊಳಗ ನಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪಿಗೆ ಹೊಸಾ ತಂತಿ ಸುತ್ತೋದ ಉದ್ಯೋಗ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಆಚೆ ಕಬ್ಬಿನ ಹೊಲದಾಗ ಗಾಳಿ ಸುಯ್ ಅಂತ ಹಾಯ್ತದ. ಕಣ್ಣು ಮುಚ್ಚಿದ್ರ ಅದ ನನಗ ಸಮುದ್ರ. ಹಂಗ ಕಣ್ಣು ಮುಚ್ಚಿ ಕುಂತಾಗ ಹುಟ್ಟಿದ್ದು ಈ ಹಡಗು: ಮೂರು ಕಂಬ, ಹದಿನೆಂಟು ಹಾಯಿ, ತೊಟ್ಟಿಲದಷ್ಟು ಉದ್ದ. ಹಾಯಿ ಎಳಿಯಾಕ, ಚುಕ್ಕಾಣಿ ತಿರುವಾಕ ಕೈಯಾಗ ರಿಮೋಟ್. ಮೂರು ವರ್ಷ ಹಿಡೀತು. ಒಮ್ಮೆ ಕೃಷ್ಣಾ ಹೊಳಿಯಾಗ ನಡುತನಕ ಹೋಗಿ ತಿರುಗಿ ನನ್ನ ಕೈಗೆ ಬರಬೇಕು, ಇಷ್ಟ ನನ್ನ ಆಸೆ.

ಹಾಯಿ ಹೊಲಿಸಿದ್ದು

ಹಾಯಿ ಹೊಲಿಸಾಕ ಚಿಕ್ಕೋಡಿಗೆ, ಹೆಣ್ಮಕ್ಕಳ ಜಂಪರ್ ಹೊಲಿಯೋ ಟೇಲರ್ ಕಡೆ ಹೋದೆ. ಹದಿನೆಂಟು ಕಾಗದದ ನಮೂನಿ ಹರವಿದೆ. ಒಂದರಂಗ ಒಂದಿಲ್ಲ.

"ಎಲ್ಲಾ ಒಂದ ಮನಿಯವರದೇನ್ರಿ?" ಅಂದ.

"ಒಂದ ಹಡಗದ್ದು."

"ಅಸ್ತರ್ ಹಾಕಲ್ಯಾ?"

"ಬ್ಯಾಡೋ ಮಾರಾಯಾ, ಭಾರ ಆಗ್ತೈತಿ."

ವಾರದ ಮ್ಯಾಲೆ ಕೊಟ್ಟ. ಹೊಲಿಗಿ ಅಂದ್ರ ಹೊಲಿಗಿ! ಬಾಗಿಲದಾಗ ಒಂದ ಹಾಯಿ ಹಿಡಿದೆ, ಗಾಳಿ ತುಂಬ್ಕೊಂಡು ಹೊಟ್ಟಿ ಉಬ್ಬಿಸಿ ನಿಂತಿತು. ಅಂಗಡಿ ಎದುರಿನ ಬಸ್‌ಸ್ಟ್ಯಾಂಡಿನ ಗದ್ದಲಾ ಎಲ್ಲಾ ಎಲ್ಲೋ ದೂರ ಹೋದಂಗಾತು ನನಗ. ಆದ್ರ ಅಂಚು ಯಾಕೋ ದಪ್ಪ ಅನಿಸ್ತು.

"ಒಳಗ ಎರಡೆರಡು ಬೆರಳು ಬಟ್ಟಿ ಯಾಕ ಮಡಚೀದಿ?" ಅಂದೆ.

ಅವ ಆಚೀಚೆ ನೋಡಿ ದನಿ ಸಣ್ಣ ಮಾಡಿದ. "ಮಾರ್ಜಿನ್ ಬಿಟ್ಟೇನ್ರಿ. ಮುಂದ ಸ್ವಲ್ಪ ಮೈ ಬಂದ್ರ ಬಿಚ್ಕೊಳ್ಳಾಕ ಬೇಕಾಗ್ತೈತಿ."

ದ್ರಾಕ್ಷಿ ತ್ವಾಟದ ಗಾಳಿ

ಹರಿಯೋ ನೀರಿಗೆ ಒಮ್ಮೆಲೆ ಬಿಡಾಕ ಧೈರ್ಯ ಸಾಲಲಿಲ್ಲ. ಅಥಣಿ ಕಡೆ ನನ್ನ ಗಿರಾಕಿ ಒಬ್ಬ ದ್ರಾಕ್ಷಿ ಬೆಳೆಗಾರ ಅದಾನ. ಅವನ ತ್ವಾಟದಾಗ ಪ್ಲಾಸ್ಟಿಕ್ ಹಾಸಿದ ದೊಡ್ಡ ಕೃಷಿಹೊಂಡ ಐತಿ. ಮೊದಲ ಅಲ್ಲಿ ಬಿಟ್ಟೆ.

ಒಂದ ಎಲಿ ಅಳಗಾಡವಲ್ದು. ಹಡಗು ನಡುನೀರಾಗ ಸುಮ್ಮನ ನಿಂತಿತು. ಕೆಳಗ ಅದರ ನೆರಳು, ನೆರಳಿನ ಸುತ್ತ ಬಿಳಿ ಮುಗಿಲು. ಎಷ್ಟ ಚಂದ ಅಂತೇನಿ! ನೋಡ್ಕೋತ ನೋಡ್ಕೋತ ನಾನೂ ಅದರಾಗ ಹತ್ತಿ ಕುಂತಂಗಾತು.

"ಎಷ್ಟು ಎಚ್‌ಪಿ ಮೋಟಾರ್ ಐತ್ರಿ?" ಅಂದ ಬೆಳೆಗಾರ.

"ಮೋಟಾರ್‌ಗೀಟಾರ್ ಇಲ್ರಿ. ಗಾಳಿ ಬರಬೇಕು."

"ಊರವರ ಮೋಟಾರೆಲ್ಲಾ ಓಡಸ್ತೀರಿ, ನಿಮ್ಮದಕ್ಕ ಮೋಟಾರಿಲ್ಲ! ತಡೀರಿ, ಗಾಳಿ ನಾ ಕೊಡ್ತೇನಿ."

ಅಂದವನ ಹೋಗಿ ಟ್ರ್ಯಾಕ್ಟರ್ ತಂದ. ಅದರ ಹಿಂದ ಬಳ್ಳಿಗೆ ಔಷಧ ಹೊಡಿಯೋ ಬ್ಲೋವರ್ ಇತ್ತು. ಅದರ ಬಾಯಿ ಹೊಂಡದ ಕಡೆ ಮಾಡಿ ಚಾಲೂ ಮಾಡಿದ. ಹೋತು ನೋಡ್ರಿ ಹಡಗು! ಆಚೆ ದಂಡಿಗೆ ಓಡಿ ಎತ್ತಿದ್ರ ಹದಿನೆಂಟೂ ಹಾಯಿ ನೀಲಿ. ಬ್ಲೋವರ್ ಟಾಕಿಯೊಳಗ ಮೈಲುತುತ್ತದ ಔಷಧ ಉಳಿದಿತ್ತಂತ. ನನ್ನ ಕಣ್ಣಾಗ ನೀರ ಬಂತು.

ಆ ಪುಣ್ಯಾತ್ಮ ಬೆನ್ನು ಚಪ್ಪರಿಸಿ ಸಮಾಧಾನ ಮಾಡಿದ. "ಒಂದ ರೀತಿ ಚಲೋನ ಆತ್ರಿ. ಇನ್ನ ಈ ಹಂಗಾಮಿಗೆ ನಿಮ್ಮ ಹಡಗಕ್ಕ ರೋಗ ಹತ್ತಂಗಿಲ್ಲ."

ಹೊಳಿಗೆ ಉಡಿ

ಮಳಿಗಾಲ ಮುಗದು ಕೃಷ್ಣಾ ಇಳಿದ ಮ್ಯಾಲೆ ಒಂದಿನ ಮುಂಜಾನೆ ಹೆಂಡ್ತಿ ಕರಕೊಂಡು ಹೊಳಿ ದಂಡಿಗೆ ಹೋದೆ. ಅಲ್ಲಿ ನಮ್ಮ ಓಣಿ ಹೆಣ್ಮಕ್ಕಳು ಹೊಳಿಗೆ ಉಡಿ ತುಂಬಾಕ ಬಂದಿದ್ರು. ಹಸರ ಖಣ, ತೆಂಗಿನಕಾಯಿ, ಅಕ್ಕಿ, ಅರಿಷಿಣ, ಕುಂಕುಮ ಎಲ್ಲಾ ನೀರಿಗೆ ಬಿಡೋ ಪದ್ಧತಿ. ಅವರ ಮುಂದಾಳು ನಮ್ಮ ಬಾಜೂ ಮನಿ ಆಯಿ.

"ನಡುಹೊಳಿಗೆ ಮುಟ್ಟಸ್ತೈತೇನೋ ತಮ್ಮಾ ಇದು?" ಅಂದ್ಲು.

"ಯಾಕಿಲ್ಲ ಬೇ ಆಯಿ!" ಅಂದೆ, ಡೌಲಿನ್ಯಾಗ.

ಉಡಿ ಹಡಗದ ಮ್ಯಾಲೆ ಏರಿತು. ಬಿಟ್ಟೆ. ಬಾಜೂ ಗಾಳಿ, ಎಳಿ ಬಿಸಲು. ಕುಂಕುಮ ಹಚ್ಚಿಕೊಂಡು ಗಂಡನ ಮನಿಗೆ ಹೊಂಟ ಮಗಳಂಗ ಹೋತು ನನ್ನ ಹಡಗು. ಹೆಣ್ಮಕ್ಕಳೆಲ್ಲಾ ಕೈ ಮುಗದು ನಿಂತ್ರು. ಸಮುದ್ರ ಇದಕ್ಕಿಂತಾ ಏನ ದೊಡ್ಡದಿದ್ದೀತು ಅನಿಸ್ತು.

ನಡುಹೊಳಿ ಮುಟ್ಟಿದ ಮ್ಯಾಲೆ "ಇನ್ನ ತಿರುವ್ತೇನಿ" ಅಂದೆ.

"ಏ ಹುಚ್ಚಾ! ಹೊಳೆವ್ವಗ ಕೊಟ್ಟ ಉಡಿ ಯಾರರ ತಿರುಗಿ ತರ್ತಾರೇನ? ಕೆಳಗಿಡು ಆ ರಿಮೋಟ್!" ಅಂದ್ಲು ಆಯಿ.

ಮೂರು ವರ್ಷದ ದುಡಿತ! ಇನ್ನೊಂದೀಟು ದೂರ ಹೋತಂದ್ರ ರಿಮೋಟ್ ಮಾತು ಕೇಳಂಗಿಲ್ಲ. ಹೆಂಡ್ತಿ ಕಡೆ ನೋಡಿದೆ. ಆಕಿ ಸೆರಗು ಅಗಲ ಮಾಡಿ ನನ್ನ ಮುಂದ ಅಡ್ಡ ಬಂದು ನಿಂತ್ಲು. ಹೊಳಿಗೆ ಕೈ ಮುಗದಂಗ ಮಾಡಿ, ತುಟಿ ಅಳಗಾಡಿಸದ "ತಿರುವ್ರಿ ಲಗೂ" ಅಂದ್ಲು.

ಆಕಿ ಬೆನ್ನ ಹಿಂದ ನಿಂತು ಚುಕ್ಕಾಣಿ ತಿರುವಿದೆ. ಗಾಳಿ ಬಡಿದು ಹಡಗು ಒಂದ ಮಗ್ಗಲಾತು. ಕಾಯಿ ಜಾರಿ ದುಡುಮ್ ಅಂತು, ಹಿಂದ ಖಣ, ಅಕ್ಕಿ. ಹಗೂರಾದ ಹಡಗು ಎದ್ದು ನಿಂತು, ತೇಲಿಕೋತ ತೇಲಿಕೋತ ಬಂದು ಸೀದಾ ಆಯಿ ಕಾಲ ಮುಂದ ನಿಂತಿತು.

ಒಬ್ಬಾಕಿ ಅಂಜಿಕೋತ "ಹೊಳೆವ್ವ ಉಡಿ ಒಲ್ಲೆ ಅಂದ್ಲೇನ ಬೇ?" ಅಂದ್ಲು. ನಾ ರಿಮೋಟ್ ಬಗಲಾಗ ಮುಚ್ಚಿಟ್ಟೆ.

ಆಯಿ ಬಗ್ಗಿ ಹಡಗು ಎತ್ತಿದ್ಲು. ಒಳಗ ಕೈಯಾಡಿಸಿದ್ಲು. ಒಂದ ಕಾಳ ಅಕ್ಕಿ ಇರಲಿಲ್ಲ.

"ಒಲ್ಲೆ ಯಾಕ ಅಂತಾಳ? ಉಡಿ ಇಟಗೊಂಡು, ಡಬ್ಬಿ ತೊಳದು ತಿರುಗಿ ಕಳಿಸ್ಯಾಳ."

ಹಡಗು ನನ್ನ ಕೈಗೆ ಕೊಟ್ಟು ಹೆಂಡ್ತಿ ಕಡೆ ಹೊಳ್ಳಿದ್ಲು.

"ನೋಡಿ ಕಲಿ. ಪಂಚಮಿಗೆ ಉಂಡಿ ಹಾಕಿ ಕೊಟ್ಟ ನನ್ನ ಡಬ್ಬಿ ಎಲ್ಲೈತಿ?"