ತಾತನ ಪಾವು

ನಾಲ್ಕು ಜನರ ಮುಂದೆ ಬಾಯಿ ಬಿಡುವುದಕ್ಕಿಂತ ನಲವತ್ತು ಜನರಿಗೆ ಟೀ ಕಾಯಿಸುವುದು ಸುಲಭ ಎಂದು ನಂಬಿ ಬದುಕಿದವಳು ನಾನು. ನಮ್ಮ ಚರ್ಚಿನ ಸ್ತ್ರೀಯರ ಕೂಟದಲ್ಲಿ ಹಾಡು, ಓದು ಮುಗಿದ ಮೇಲೆ ಸಾಕ್ಷಿಯ ಹೊತ್ತು ಬರುತ್ತದೆ. ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದ ಅಂತ ಒಬ್ಬೊಬ್ಬರೇ ಎದ್ದು ನಿಂತು ಹೇಳಬೇಕು. ಆ ಹೊತ್ತಿಗೆ ಸರಿಯಾಗಿ ನಾನು "ಟೀಗೆ ನೀರಿಡ್ತೀನಿ" ಎಂದು ಏಳುತ್ತಿದ್ದೆ. ಕೂಟ ನಮ್ಮ ಮನೆಯಲ್ಲೇ ಆಗಬೇಕೆಂದಿಲ್ಲ, ಯಾರ ಮನೆಯಲ್ಲಾದರೂ ಅಷ್ಟೇ. ಪೀಣ್ಯದ ಸುತ್ತಮುತ್ತ ನಮ್ಮ ಸಭೆಯವರ ಯಾವ ಅಡುಗೆಮನೆಯಲ್ಲಿ ಸಕ್ಕರೆ ಎಲ್ಲಿದೆ ಅಂತ ನನ್ನಷ್ಟು ತಿಳಿದವರಿಲ್ಲ. ಮೂವತ್ತು ವರ್ಷ ಹೀಗೆ ತಪ್ಪಿಸಿಕೊಂಡಿದ್ದಕ್ಕೆ ಸಭೆಯವರು ನನಗೆ ಕೊಟ್ಟ ಹೆಸರು 'ಸೇವೆಯ ಗುಣ'. ಮಕ್ಕಳೇ, ಕೀರ್ತನಾ, ಜೋಯೆಲ್, ನಿಮ್ಮ ಅಜ್ಜಿಯ ಸೇವೆಯ ಗುಣದ ಗುಟ್ಟು ಇಷ್ಟೇ.

ಹೆದರಿಕೆ ಒಂದೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ನನ್ನ ಹತ್ತಿರ ಹೇಳುವುದಕ್ಕೆ ಏನೂ ಇರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ, ಮದುವೆಯಾಯಿತು, ಈ ಕಡೆ ಬಂದೆ, ಭಾನುವಾರ ಬಂದಾಗಲೆಲ್ಲ ಚರ್ಚಿಗೆ ಹೋದೆ. ಇದನ್ನು ಎದ್ದು ನಿಂತು ಹೇಳಿದರೆ ಕೇಳುವವರು ಆಕಳಿಸುತ್ತಾರೆ. ಸಾಕ್ಷಿ ಅಂದರೆ ನಮ್ಮ ರತ್ನಮ್ಮನದು. ಅವಳ ಗಂಡ ಕುಡಿದು ತುಮಕೂರು ರಸ್ತೆಯಲ್ಲಿ ಅಡ್ಡ ಮಲಗಿದ್ದಾಗ ಲಾರಿಯೊಂದು ಒಂದು ಮಾರು ದೂರದಲ್ಲಿ ನಿಂತಿತಂತೆ, ಅಂದಿನಿಂದ ಅವರು ಗ್ಲಾಸು ಮುಟ್ಟಿಲ್ಲ. ಮೊದಲ ವರ್ಷ ಒಂದು ಮಾರು ಇದ್ದದ್ದು ಮರುವರ್ಷ ಮೊಳವಾಯಿತು, ಆಮೇಲೆ ಗೇಣಾಯಿತು. ಈಗ ಲಾರಿಯ ಚಕ್ರ ಅವರ ಮೀಸೆಗೆ ತಾಗಿ ನಿಂತಿದೆ. ನಾನು ನಗುತ್ತೇನೆ ನಿಜ, ಆದರೆ ಪ್ರತಿ ಸಲವೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಕೇಳುತ್ತೇನೆ. ಒಮ್ಮೊಮ್ಮೆ ಟೀ ಉಕ್ಕಿದ್ದೂ ಉಂಟು. ನಿಮ್ಮ ತಾತನಿಗೋ ಕುಡಿಯುವ ಚಟವಿರಲಿಲ್ಲ, ಬಿಡಿಸಿದೆ ಅನ್ನುವುದಕ್ಕೂ ಅವಕಾಶವಿಲ್ಲ. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವುದು, ಮನೆಗೆ ಬರುವುದು, ಭಾನುವಾರ ಶ್ರುತಿ ತಪ್ಪಿ ಜೋರಾಗಿ ಹಾಡುವುದು. ಅವರ ಕೀರ್ತನೆ ಪುಸ್ತಕದ ಹಾಳೆಗಳ ಮೂಲೆಯಲ್ಲಿ ಇಂದಿಗೂ ಹೆಬ್ಬೆರಳಿನ ಎಣ್ಣೆಯ ಗುರುತಿದೆ.

ಇಷ್ಟು ದಿನ ಮುಚ್ಚಿಟ್ಟ ಬಂಡವಾಳ ಈ ವರ್ಷ ಬಯಲಾದದ್ದು ಕೀರ್ತನಾಳ ದೃಢೀಕರಣದ ತರಗತಿಯಿಂದ. ಸಭೆಯ ಮುಂದೆ ನಿಂತು "ನಾನು ನಂಬುತ್ತೇನೆ" ಎಂದು ಸ್ವಂತ ಬಾಯಿಂದ ಹೇಳುವ ಮೊದಲು ಮಕ್ಕಳಿಗೆ ನಮ್ಮ ಪಾದ್ರಿ ಅಯ್ಯನವರು ಕೆಲವು ತಿಂಗಳು ಪಾಠ ಮಾಡುತ್ತಾರೆ. ಮನೆಯ ಹಿರಿಯರೊಬ್ಬರ ನಂಬಿಕೆಯ ಕಥೆಯನ್ನು ಕೇಳಿ ಬರೆದುಕೊಂಡು ಬನ್ನಿ ಅಂದರಂತೆ ಅಯ್ಯನವರು. ನಾಗಸಂದ್ರದ ಈ ಮನೆಯಲ್ಲಿ ಹಿರಿಯಳು ನಾನೊಬ್ಬಳೇ. ಮಂಡಿ ಆಪರೇಷನ್ ಆಗಿ ಕಾಲು ನೀಡಿಕೊಂಡು ಕೂತಿದ್ದೆ, ಟೀ ನೆಪಕ್ಕೆ ಏಳುವ ಹಾಗೂ ಇರಲಿಲ್ಲ. ಕೀರ್ತನಾ ನೋಟ್ ಪುಸ್ತಕ ಹಿಡಿದು ಎದುರಿಗೆ ಕೂತಳು.

"ಹೇಳು ಅಜ್ಜಿ, ನೀನು ಯಾವಾಗ ನಂಬಿದ್ದು?"

"ಹುಟ್ಟಿದಾಗಿಂದ ಚರ್ಚಿಗೆ ಹೋಗ್ತಾನೇ ಇದ್ದೀನಲ್ಲ ಕಣೇ."

"ಅದು ಕಥೆ ಅಲ್ಲ ಅಜ್ಜಿ, ಅಟೆಂಡೆನ್ಸು. ಏನಾದ್ರೂ ಆಗಿರ್ಬೇಕು."

"ಅಜ್ಜಿಗೆ ಮಂಡಿ ಆಪರೇಷನ್ ಆಗಿದೆಯಲ್ಲ, ಅದನ್ನೇ ಬರಿ" ಅಂದ ಜೋಯೆಲ್, ಟಿವಿಯಿಂದ ಕಣ್ಣು ತೆಗೆಯದೆ.

ಕೊನೆಗೆ ಅವಳು ಬರೆದುಕೊಂಡದ್ದು ಒಂದೇ ಸಾಲು. 'ನಮ್ಮ ಅಜ್ಜಿಗೆ ವಿಶೇಷವಾಗಿ ಏನೂ ಆಗಿಲ್ಲ.' ಓದಿ ಹೇಳಿದಳು. ನನಗೂ ಸರಿಯಾಗಿದೆ ಅನ್ನಿಸಿತು, ಅಕ್ಷರವೂ ಚೆನ್ನಾಗಿತ್ತು. ಆದರೆ ಅವಳು ಪುಸ್ತಕ ಮುಚ್ಚಿ ಏಳಲಿಲ್ಲ.

"ನಂಗೂ ಏನೂ ಆಗಿಲ್ಲ ಅಜ್ಜಿ. ತಾತನಿಗೆ ಹುಷಾರಾಗ್ಲಿ ಅಂತ ದಿನಾ ಕೇಳ್ಕೊಂಡೆ. ತಾತ ಹೋದ್ಮೇಲೆ ಪ್ರಾರ್ಥನೆ ಬರ್ತಾನೇ ಇಲ್ಲ. ಎಲ್ಲರ ಜೊತೆ ಕಣ್ಣು ಮುಚ್ಕೊಂಡು ಕೂತಿರ್ತೀನಿ ಅಷ್ಟೇ. ಹೀಗಿರ್ವಾಗ ಎಲ್ಲರ ಮುಂದೆ ನಿಂತು ಸುಳ್ಳು ಹೇಳ್ಲಾ? ನಾನು ದೃಢೀಕರಣ ತಗೊಳಲ್ಲ. ಚರ್ಚಿಗೂ ಬರಲ್ಲ."

ಹದಿನಾರು ವರ್ಷದ ಹುಡುಗಿ ಎರಡು ವರ್ಷದಿಂದ ಇದನ್ನು ಒಬ್ಬಳೇ ಹೊತ್ತುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಪ್ರತಿ ಭಾನುವಾರ ಅವಳ ದುಪಟ್ಟ ಸರಿ ಮಾಡುತ್ತಿದ್ದೆ, ಅಷ್ಟೇ. ಇನ್ನು ಸುಮ್ಮನಿರುವುದು ತಪ್ಪಾಗುತ್ತದೆ ಅನ್ನಿಸಿ, ಯಾರಿಗೂ ಹೇಳದ್ದನ್ನು ಹೇಳಿದೆ. ಅಂದು ತಡವರಿಸಿ ಹೇಳಿದ್ದನ್ನು ಇಲ್ಲಿ ನೆಟ್ಟಗೆ ಬರೆಯುತ್ತೇನೆ.

ನಿಮ್ಮ ತಾತ ಎಂಟು ತಿಂಗಳು ಮಲಗಿದರು. ಸಭೆಯವರೆಲ್ಲ ಉಪವಾಸವಿದ್ದು ಪ್ರಾರ್ಥಿಸಿದರು. ಆಗ ನಾವಿಬ್ಬರೇ ಪೀಣ್ಯದ ಹಳೆಯ ಬಾಡಿಗೆ ಮನೆಯಲ್ಲಿದ್ದೆವು. ಒಂದು ಮಂಗಳವಾರ ಮಧ್ಯಾಹ್ನ ಎಳನೀರು ಬೇಕು ಅಂದರು. ಬಹಳ ದಿನದ ಮೇಲೆ ಬಾಯಿ ಬಿಟ್ಟು ಕೇಳಿದ್ದಾರೆ ಎಂಬ ಖುಷಿಗೆ ರಸ್ತೆ ದಾಟಿ ಹೋದೆ. ಗಂಜಿ ಇರುವುದು ಬೇಡ, ತಿಳಿಯಾದದ್ದೇ ಕೊಡಿ ಅಂತ ಆರಿಸಿ ಆರಿಸಿ ತಂದೆ. ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಕೈಯಲ್ಲಿದ್ದ ಎಳನೀರನ್ನು ಎಲ್ಲಿ ಇಡಬೇಕು ಅಂತ ತಿಳಿಯದೆ, ಜನ ಸೇರುವವರೆಗೂ ಹಿಡಿದುಕೊಂಡೇ ನಿಂತಿದ್ದೆ. ಯಾರೋ ನನ್ನ ಕೈಯಿಂದ ತೆಗೆದುಕೊಂಡರು.

ಅವತ್ತಿನಿಂದ ನಾನು ದೇವರ ಜೊತೆ ಮಾತು ಬಿಟ್ಟೆ. ಜಗಳವಾಡಿದರೂ ಮಾತಾಡಿದ ಹಾಗಾಗುತ್ತದೆಂದು ಜಗಳವನ್ನೂ ಆಡಲಿಲ್ಲ. ಭಾನುವಾರ ಹೋಗುತ್ತಿದ್ದೆ, ಹೋಗದಿದ್ದರೆ ರತ್ನಮ್ಮ ಮನೆಗೇ ಬಂದುಬಿಡುತ್ತಾಳೆ ಎಂಬ ಭಯಕ್ಕೆ. ನಿಮ್ಮಪ್ಪ ಇಲ್ಲಿಗೆ ಕರೆದ, ತಿಂಗಳು ಕಳೆಯಲಿ ಅಂದೆ. ಆ ತಿಂಗಳು ನಾನೊಬ್ಬಳೇ ಅಲ್ಲಿದ್ದೆ.

ನಮ್ಮಲ್ಲಿ ಹಿಡಿ ಅಕ್ಕಿಯ ಪದ್ಧತಿ ಉಂಟಲ್ಲ. ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಡಬ್ಬಿಗೆ ಹಾಕುವುದು, ತಿಂಗಳ ಮೊದಲ ಭಾನುವಾರ ಅದನ್ನು ಚರ್ಚಿನಲ್ಲಿ ದೊಡ್ಡ ಬುಟ್ಟಿಗೆ ಸುರಿಯುವುದು, ಅದು ಇಲ್ಲದವರ ಮನೆಗೆ ಹೋಗುವುದು. ಆ ತಿಂಗಳು ನಾನು ದಿನಾ ಅಭ್ಯಾಸಬಲದಿಂದ ಎರಡು ಪಾವು ಅಕ್ಕಿ ಅಳೆಯುತ್ತಿದ್ದೆ. ಪಾತ್ರೆಗೆ ಹಾಕಿದ ಮೇಲೆ ನೆನಪಾಗುತ್ತಿತ್ತು. ತಾತನ ಪಾವನ್ನು ಮತ್ತೆ ತೆಗೆಯುತ್ತಿದ್ದೆ. ಅಕ್ಕಿ ಮೂಟೆ ಮೂಲೆಯಲ್ಲಿತ್ತು, ಅಲ್ಲಿಯವರೆಗೆ ಹೋಗಿ ವಾಪಸು ಸುರಿಯಲು ಮನಸ್ಸಾಗುತ್ತಿರಲಿಲ್ಲ. ಹತ್ತಿರವಿದ್ದ ಡಬ್ಬಿಗೆ ಹಾಕಿಬಿಡುತ್ತಿದ್ದೆ. ಡಬ್ಬಿ ತುಂಬಿತು, ಚೀಲ ಇಟ್ಟೆ. ಮೊದಲ ಭಾನುವಾರ ಹೊರಲಾರದೆ ಹೊತ್ತುಕೊಂಡು ಹೋಗಿ ಸುರಿದೆ. ಅಯ್ಯನವರು ಎಲ್ಲರಿಗೂ ಕೇಳುವಂತೆ, "ಇಂಥ ದುಃಖದಲ್ಲೂ ಈ ತಾಯಿ ಎಷ್ಟು ಧಾರಾಳವಾಗಿ ತಂದಿದ್ದಾರೆ ನೋಡಿ" ಅಂದರು. ರತ್ನಮ್ಮ ಕಣ್ಣೊರೆಸಿಕೊಂಡಳು. ನಾನು ತಲೆ ತಗ್ಗಿಸಿದೆ. ಅದನ್ನೂ ವಿನಯ ಅಂದುಕೊಂಡರು.

ಕೀರ್ತನಾ ಎಲ್ಲ ಕೇಳಿ ಹೇಳಿದಳು, "ಹಂಗಾದ್ರೆ ಅದು ಮಿಸ್ಟೇಕು ಅಜ್ಜಿ. ನಂಬಿಕೆ ಅಲ್ಲ."

"ಇರ್ಬೋದು ಕಣೇ. ನಾನೂ ಇಷ್ಟು ದಿನ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಮಾತು ಬಿಟ್ಟಿದ್ದು ನನ್ನ ಬಾಯಿ. ಕೈಗೆ ಯಾರೂ ಹೇಳಿರ್ಲಿಲ್ಲ, ಅದು ಡಬ್ಬಿಗೆ ಹಾಕ್ತಾನೇ ಇತ್ತು."

"ಮತ್ತೆ ಯಾವಾಗ ಮಾತಾಡಿದೆ?"

"ಬಹಳ ದಿನ ಹಿಡೀತು. ಈಗ್ಲೂ ಮೊದಲಿನಷ್ಟು ಇಲ್ಲ."

ಅವಳು ಅತ್ತಳು. ನಾನೂ ಅತ್ತೆ. ಜೋಯೆಲ್ ಟಿವಿ ಆರಿಸಿ, ಏನಾಯಿತೆಂದು ಕೇಳದೆ ನನ್ನ ಆಪರೇಷನ್ ಆಗದ ಕಾಲನ್ನು ಒತ್ತತೊಡಗಿದ.

ಇದರಿಂದ ಎಲ್ಲ ಸರಿಹೋಯಿತು ಅಂತ ಬರೆಯುವ ಆಸೆ ಇದೆ. ಆದರೆ ಒಂದು ಮಾರನ್ನು ಗೇಣು ಮಾಡುವುದು ರತ್ನಮ್ಮನಿಗೇ ಇರಲಿ. ಕೀರ್ತನಾ ಅಯ್ಯನವರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು, "ಅವಸರವಿಲ್ಲಮ್ಮ, ಮುಂದಿನ ವರ್ಷವೂ ತರಗತಿ ಇರುತ್ತೆ" ಅಂದರಂತೆ. ಅವಳ ಜೊತೆಯವರು ಬಿಳಿ ಬಟ್ಟೆ ಉಟ್ಟು ಮುಂದೆ ನಿಂತ ದಿನ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಕಣ್ಣು ಮುಚ್ಚಿರಲಿಲ್ಲ. ನಾನು ಅವಳ ದುಪಟ್ಟ ಸರಿ ಮಾಡಲು ಹೋಗಲಿಲ್ಲ, ಕೈ ಹಿಡಿದುಕೊಂಡೆ. ಚರ್ಚಿಗೆ ಬರುವುದನ್ನು ಅವಳು ಬಿಟ್ಟಿಲ್ಲ. ಅಜ್ಜಿಯ ಮಂಡಿ ಭಾರ ತಡೆಯದು, ಅಕ್ಕಿ ಡಬ್ಬಿ ಹೊರುವವರು ಬೇಕಲ್ಲ ಅನ್ನುತ್ತಾಳೆ. ಜೋಯೆಲ್ ಹೇಳಿದ್ದೇ ಸರಿ, ಮಂಡಿಯನ್ನೇ ಬರೆದುಕೊಳ್ಳಬಹುದಿತ್ತು.

ಹೋದ ವಾರ ಸ್ತ್ರೀಯರ ಕೂಟ ನಮ್ಮ ಮನೆಯಲ್ಲಿತ್ತು. ಈ ಸಲ ಎದ್ದು ನಿಂತು ಹೇಳಿಯೇಬಿಡುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿ ಕೂತಿದ್ದೆ. ಸಾಕ್ಷಿಯ ಹೊತ್ತು ಬಂತು. ರತ್ನಮ್ಮ ನನ್ನ ಮುಖ ನೋಡಿದಳು. ಎದ್ದು ನಿಂತೆ, ಗಂಟಲು ಸರಿಮಾಡಿಕೊಂಡೆ, ಟೀಗೆ ನೀರಿಟ್ಟು ಬಂದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಇನ್ನೊಂದು ಮಾತು. ನಾನು ಅನ್ನಕ್ಕಿಟ್ಟ ದಿನ ಒಂದು ಪಾವು ಹೆಚ್ಚೇ ಅಳೆದು, ಆಮೇಲೆ ತೆಗೆದು ಡಬ್ಬಿಗೆ ಹಾಕುತ್ತೇನೆ. ಅತ್ತೆಗೆ ವಯಸ್ಸಾಯಿತು, ಅಳತೆ ಮರೆಯುತ್ತಾರೆ ಅಂತ ನಿಮ್ಮಮ್ಮ ಅಂದುಕೊಂಡಿದ್ದಾಳೆ. ಹಾಗೇ ಅಂದುಕೊಳ್ಳಲಿ, ನೀವು ಹೇಳಬೇಡಿ.